ತಣ್ಣೀರು ಹಿಡಿದ್ರ ಆರಾಮ ಅನ್ನೋ ಹಲ್ಲು: ಪಲ್ಪ್ ಡಯಾಗ್ನೋಸಿಸ್ ನೋಟ್ಸ್

ರಾಯಚೂರಾಗ ಎಂಡೋ (ಹಲ್ಲಿನ ಪಲ್ಪ್, ಬೇರಿನ ಚಿಕಿತ್ಸೆ) ಪೋಸ್ಟಿಂಗ್ ನಡದದ, ತಲ್ಯಾಗ ಇರೋವಾಗ್ಲೇ ಬರದಿಟ್ಟರ ನನಗೂ ನೆನಪುಳೀತದ, ನಿಮಗೂ ವೈವಾಕ್ಕ ಬರ್ತದ. ಕೇರೀಸ್ (ಹುಳುಕು) ಹೆಂಗ ಒಳಗ ಹೋಗ್ತದ, ಪಲ್ಪಿನ (ಹಲ್ಲಿನೊಳಗ ನರ, ರಕ್ತನಾಳ ಇರೋ ಮೆತ್ತನ ಭಾಗ) ಹಿಸ್ಟಾಲಜಿ (ಸೂಕ್ಷ್ಮ ರಚನೆ) ಏನು ಅದೆಲ್ಲಾ ನಿಮಗ ಗೊತ್ತದ, ಬಿಡ್ತೀನಿ.

ಮೊದಲು ಇದು ತಲಿಗೆ ಹತ್ತಬೇಕು: ಒಂದು ಹಲ್ಲಿಗೆ ಎರಡು ಡಯಾಗ್ನೋಸಿಸ್ ಬರೀಬೇಕು. ಒಂದು ಪಲ್ಪಿಂದು, ಇನ್ನೊಂದು ಬೇರಿನ ತುದಿ ಸುತ್ತ ಇರೋ ಟಿಶ್ಯೂದು. ಕೋಲ್ಡ್ ಟೆಸ್ಟ್ ಮಾಡಿದಾಗ ಉತ್ತರ ಕೊಡೋದು ಪಲ್ಪ್, ಮಿರರ್ ಹಿಡಿಕಿಲೆ ಮೆಲ್ಲಕ ಬಡಿದಾಗ ಉತ್ತರ ಕೊಡೋದು ಲಿಗಮೆಂಟ್ (ಬೇರನ್ನ ಎಲುಬಿಗೆ ಹಿಡಿದಿಡೋ ನಾರು). ಪಲ್ಪಿನಾಗ ಪ್ರೊಪ್ರಿಯೋಸೆಪ್ಟರ್ (ಎಲ್ಲಿ ಅಂತ ಜಾಗ ತಿಳಿಸೋ ನರತುದಿ) ಇಲ್ಲ, ಅದಕ್ಕ ಉರಿಯೂತ ಪಲ್ಪಿನಾಗಷ್ಟೇ ಇರೋ ತನಕ ಪೇಷಂಟ್ ಇಡೀ ದವಡಿ ತೋರಸ್ತಾರ, ಕೆಳಗಿನ ಹಲ್ಲೋ ಮ್ಯಾಲಿನ ಹಲ್ಲೋ ಅವರಿಗೇ ಗೊತ್ತಾಗಂಗಿಲ್ಲ, ಕೆಲವೊಮ್ಮೆ ಕಿವಿ ನೋಯ್ತದ ಅಂತ ಕಿವಿ ಡಾಕ್ಟರ್ ಕಡೆ ಹೋಗಿ ಬಂದಿರ್ತಾರ. ಉರಿಯೂತ ಲಿಗಮೆಂಟಿಗೆ ಮುಟ್ಟಿತು ಅಂದ್ರ "ಇದೇ ನೋಡ್ರಿ, ರೊಟ್ಟಿ ಕಡದ್ರ ಇದೇ ಹಲ್ಲು" ಅಂತ ಬೆರಳಿಟ್ಟು ತೋರಸ್ತಾರ. ಪಲ್ಪ್ ಇನ್ನೂ ಜೀವ ಇದ್ದಾಗ್ಲೇ ಬಡದ್ರ ನೋಯಬಹುದು, ಅದರಾಗ ವಿರೋಧ ಏನಿಲ್ಲ: ಸಿಂಪ್ಟೊಮ್ಯಾಟಿಕ್ ಇರ್‍ರಿವರ್ಸಿಬಲ್ ಪಲ್ಪೈಟಿಸ್ (ಬ್ಯಾನಿ ಇರೋ, ಇನ್ನ ಸುಧಾರಿಸದ ಪಲ್ಪಿನ ಉರಿಯೂತ), ಜೊತೀಗೆ ಸಿಂಪ್ಟೊಮ್ಯಾಟಿಕ್ ಏಪಿಕಲ್ ಪೆರಿಯೊಡಾಂಟೈಟಿಸ್ (ಬೇರಿನ ತುದಿ ಸುತ್ತಿನ ಉರಿಯೂತ). ಎರಡೂ ಬರೀರಿ.

ಕೋಲ್ಡ್ ಟೆಸ್ಟಿಗೆ ಸ್ಪ್ರೇ ಹತ್ತಿ ಉಂಡಿ ಮ್ಯಾಲ ಹೊಡದು ಹಲ್ಲಿಗೆ ಹಿಡಿಯೋದು. ಮೊದಲು ಚೊಲೊ ಇರೋ ಪಕ್ಕದ ಹಲ್ಲು, ಆಚೆ ಕಡೆ ಅದೇ ನಂಬರಿನ ಹಲ್ಲು, ಕಡೀಕ ಅನುಮಾನದ ಹಲ್ಲು. "ನೋಯ್ತೇನ್ರಿ" ಅಂತ ಕೇಳಬ್ಯಾಡ್ರಿ, ಜುಮ್ ಅಂದ ಕೂಡ್ಲೆ ಕೈ ಎತ್ರಿ, ನಿಂತ ಕೂಡ್ಲೆ ಇಳಸ್ರಿ ಅಂತ ಹೇಳ್ರಿ. ಹತ್ತಿ ತಗದ ಒಂದೆರಡು ಸೆಕೆಂಡಿಗೆ ಕೈ ಇಳೀತಂದ್ರ ರಿವರ್ಸಿಬಲ್ (ಸುಧಾರಿಸಬಹುದಾದ ಉರಿಯೂತ). ಹತ್ತಿ ತಗದ ಮ್ಯಾಲೂ ನೋವು ಎಳೀತಾ ಹೋತು, 30 ಸೆಕೆಂಡ್ ಆದ್ರೂ ಕೈ ಮ್ಯಾಲೇ ಅದ, ರಾತ್ರಿ ತಾನೇ ಎದ್ದು ಕುಂದರಸ್ತದ ಅಂದ್ರ ಇರ್‍ರಿವರ್ಸಿಬಲ್. ಏನೂ ಅನಿಸಲಿಲ್ಲ ಅಂದ್ರ ನೆಕ್ರೋಸಿಸ್ (ಪಲ್ಪ್ ಸತ್ತಿರೋದು) ಇರಬಹುದು. ಇರಬಹುದು ಅಷ್ಟೇ! ಎಲೆ ಅಡಿಕಿ ಅಗದು ಹಲ್ಲು ಸವದಿರೋ ಅಜ್ಜಾರಿಗೆ ಒಳಗ ಡೆಂಟಿನ್ (ಹಲ್ಲಿನ ಗಟ್ಟಿ ಒಳಪದರ) ಬೆಳದು ಕೆನಾಲ್ (ಬೇರಿನೊಳಗಿನ ಪಲ್ಪ್ ಇರೋ ಕೊಳವಿ) ಸಣ್ಣಾಗಿರ್ತದ, ಪಲ್ಪ್ ಜೀವ ಇದ್ರೂ ತಣ್ಣಗಿನ ಟೆಸ್ಟಿಗೂ ಕರೆಂಟ್ ಟೆಸ್ಟಿಗೂ ಸುಮ್ಮನ ಕುಂತಿರ್ತಾರ. ಹೊಸದಾಗಿ ಪೆಟ್ಟು ಬಿದ್ದ ಹಲ್ಲು, ಬೇರಿನ ತುದಿ ಇನ್ನೂ ಮುಚ್ಚದ ಹುಡುಗರ ಹಲ್ಲು, ಇವೂ ಹಂಗೇ ಸುಳ್ಳು ಹೇಳ್ತಾವ.

ಈಗ ನನ್ನ ತಲಿ ತಿಂದಿದ್ದು. ರಾಯಚೂರ ಬ್ಯಾಸಿಗಿ, ಒಬ್ಬ ಆಂಟಿ ಕೈಯಾಗ ತಣ್ಣೀರ ಬಾಟ್ಲಿ, ಎರಡು ನಿಮಿಷಕ್ಕೊಂದು ಗುಟುಕು ಬಾಯಾಗ ಹಿಡೀತಾರ, ಹಿಡಿದ್ರ ಆರಾಮ, ನುಂಗಿದ್ರ ಮತ್ತ ಬ್ಯಾನಿ ಶುರು. ಇರ್‍ರಿವರ್ಸಿಬಲ್ ಅಂದ್ರ ತಣ್ಣಗ ಮುಟ್ಟಿದ್ರ ಬ್ಯಾನಿ ಎಳೀಬೇಕಲ್ಲ, ಇವರಿಗೆ ತಣ್ಣಗಿದ್ರ ಹೆಂಗ ಕಮ್ಮಿ ಆಗ್ತದ? ಇದು ತಿಳೀಬೇಕಂದ್ರ ಎರಡು ನಮೂನಿ ನರ ನೆನಪಿಡ್ರಿ. ಎ-ಡೆಲ್ಟಾ ಅನ್ನೋವು ಪಲ್ಪಿನ ಅಂಚಿಗೆ, ಡೆಂಟಿನ್ ಹತ್ರ ಇರ್ತಾವ, ಡೆಂಟಿನ್ನಿನ ಟ್ಯೂಬ್ಯೂಲಿನಾಗ (ಸೂಕ್ಷ್ಮ ಕೊಳವಿ) ದ್ರವ ಸ್ವಲ್ಪ ಅಲುಗಿದ್ರೂ ಸಾಕು ಚುಚ್ಚಿದಂಗ ಜುಮ್ ಅಂತಾವ, ತಣ್ಣಗಿನ ಟೆಸ್ಟಿಗೆ ಕೈ ಎತ್ತಸೋದು ಇವೇ. ಸಿ-ಫೈಬರ್ ಅನ್ನೋವು ನಡುವ ಆಳದಾಗ, ಇವುಗಳ ನೋವು ನಿಧಾನ, ಮಂದ, ಮಿಡಿಯೋದು, ಮತ್ತ ಆಕ್ಸಿಜನ್ ಕಮ್ಮಿ ಇದ್ರೂ ಭಾಳ ಹೊತ್ತು ಬದುಕ್ತಾವ. ಪಲ್ಪ್ ಕೊಳೀತಾ ಬಂದಂಗ ಎ-ಡೆಲ್ಟಾ ಮೊದಲು ಹೋಗ್ತಾವ, ಸಿ ಉಳೀತಾವ. ಸುತ್ತ ಗಟ್ಟಿ ಡೆಂಟಿನ್ ಗೋಡಿ, ಬಾತದ್ದಕ್ಕ ಹಿಗ್ಗಾಕ ಜಾಗ ಇಲ್ಲ, ಬಿಸಿ ಚಾ ಕುಡದ್ರ ಒಳಗಿನ ಒತ್ತಡ ಏರ್ತದ, ಬ್ಯಾನಿ ಏರ್ತದ. ತಣ್ಣೀರಿಗೆ ಒತ್ತಡ ಇಳೀತದ, ಆರಾಮ ಅನಿಸ್ತದ. ಅಂದ್ರ ತಣ್ಣೀರಿಗೆ ಆರಾಮ ಅನ್ನೋದು ಪಲ್ಪ್ ಸುಧಾರಿಸಿದ ಲಕ್ಷಣ ಅಲ್ಲ, ಇರ್‍ರಿವರ್ಸಿಬಲ್ ಮುಗದು ನೆಕ್ರೋಸಿಸ್ ಕಡೆ ಹೊಂಟದ. ಇಂಥವರಿಗೆ ಬಿಸಿ ಟೆಸ್ಟ್ ಮಾಡೋವಾಗ ಪಕ್ಕದಾಗ ತಣ್ಣೀರ ಇಟ್ಕೊಂಡೇ ಕುಂದರ್ರಿ.

ಇದಾದ ಮ್ಯಾಲ ಒಂದಿನ "ಬ್ಯಾನಿ ತಾನೇ ನಿಂತ್ತು ರೀ, ಇನ್ನ ಬರಂಗಿಲ್ಲ" ಅಂತಾರ ನೋಡ್ರಿ, ಆಗ ಪಲ್ಪ್ ಸತ್ತದ ಅಂತ ಅನುಮಾನ ಇಟ್ಕೋಬೇಕು. ಎಕ್ಸ್‌ರೇ ಕ್ಲೀನ್ ಇದ್ರೂ ನಂಬಬ್ಯಾಡ್ರಿ, ಎಲುಬಿನ ಖನಿಜ 30ರಿಂದ 50 ಪರ್ಸೆಂಟ್ ಹೋದ ಮ್ಯಾಲೇ ಕರಿ ಕಾಣೋದು.

ನಮ್ಮ ಕಡೆದೊಂದು ಮಾತು. ಬೋರ್ ನೀರಿನಾಗ ಫ್ಲೋರೈಡ್ ಜಾಸ್ತಿ ಇರೋ ಹಳ್ಳಿಗಳಿಂದ ಬಂದವರ ಹಲ್ಲು ಕಂದು ಇರ್ತದ, ಎಡಕ್ಕೂ ಬಲಕ್ಕೂ ಜೋಡಿ ಜೋಡಿ, ಅದು ಫ್ಲೋರೋಸಿಸ್. ನಡುವ ಒಂದೇ ಹಲ್ಲು ಬೂದಿ ಬಣ್ಣ ಅಂದ್ರ ಯಾವಾಗರೆ ಬಿದ್ದು ಪೆಟ್ಟಾಗಿತ್ತೇನು ಅಂತ ಕೇಳ್ರಿ.

ಆಂಟಿಬಯಾಟಿಕ್: ಬಾವಿಲ್ಲದ, ಜ್ವರ ಇಲ್ಲದ ಪಲ್ಪೈಟಿಸಿಗೆ ಅದು ಬ್ಯಾಡ, ಬ್ಯಾನಿ ಕಮ್ಮಿ ಮಾಡಂಗಿಲ್ಲ. ಮೆಡಿಕಲ್ ಶಾಪಿನಾಗ ತಗೊಂಡು ನುಂಗಿಕೊಂಡೇ ಬಂದಿರ್ತಾರ, ಅದು ಬ್ಯಾರೆ ಮಾತು. ಗಲ್ಲ ಬಾತದ, ಜ್ವರ ಅದ ಅಂದ್ರ ಆಗ ವಿಚಾರ ಮಾಡಬೇಕು, ಆಗಲೂ ಮೊದಲ ಕೆಲಸ ಕೀವಿಗೆ ದಾರಿ ಮಾಡೋದು.

ಟ್ರೀಟ್ಮೆಂಟ್ ಸ್ಟೆಪ್ಸ್ ಎಲ್ಲರ ನೋಟ್ಸಿನಾಗೂ ಅದಾವ, ಓಡಿಸ್ತೀನಿ. ಕೆಳಗಿನ ಉರಿಯೂತದ ಮೋಲಾರಿಗೆ (ಹಿಂದಿನ ಅಗಿಯೋ ಹಲ್ಲು) ಬ್ಲಾಕ್ (ನರಕ್ಕ ಜೋಮು ಹಿಡಿಸೋ ಇಂಜೆಕ್ಷನ್) ಕೊಟ್ಟು ತುಟಿ ಜೋಮು ಹಿಡೀತಂದ್ರ ಪಲ್ಪೂ ಹಿಡೀತು ಅಂತಲ್ಲ, ಡ್ರಿಲ್ಲಿಗಿಂತ ಮೊದಲು ಕೋಲ್ಡ್ ಸ್ಪ್ರೇ ಇನ್ನೊಮ್ಮೆ ಇಟ್ಟು ನೋಡ್ರಿ. ರಬ್ಬರ್ ಡ್ಯಾಮ್ (ಹಲ್ಲಿಗೆ ಉಗುಳು ತಾಗದಂಗ ಹಾಕೋ ರಬ್ಬರ್ ಹಾಳಿ) ಬಿಡಬ್ಯಾಡ್ರಿ. ಮ್ಯಾಲಿನ ಫಸ್ಟ್ ಮೋಲಾರಿನಾಗ ಮೂರು ಕೆನಾಲ್ ಸಿಕ್ರ ಸಮಾಧಾನ ಪಡಬ್ಯಾಡ್ರಿ, ಎಂಬಿ-ಟು (ಗಲ್ಲದ ಕಡೆ ಮುಂದಿನ ಬೇರಿನ ಎರಡನೇ ಕೆನಾಲ್) ಹುಡುಕ್ರಿ. ವರ್ಕಿಂಗ್ ಲೆಂತ್ (ಕೆನಾಲಿನಾಗ ಎಷ್ಟು ಆಳದ ತನಕ ಕೆಲಸ ಮಾಡೋದು ಅನ್ನೋ ಅಳತಿ) ಎಕ್ಸ್‌ರೇ ತುದಿಗಿಂತ 0.5ರಿಂದ 1 ಮಿಮೀ ಒಳಗ, ಏಪೆಕ್ಸ್ ಲೊಕೇಟರ್ (ಬೇರಿನ ತುದಿ ಹುಡುಕೋ ಯಂತ್ರ) ಹೇಳಿದ್ದನ್ನ ಎಕ್ಸ್‌ರೇದಾಗ ತಾಳೆ ನೋಡ್ರಿ.

ಫೈಲ್ (ಕೆನಾಲ್ ಕೆರೆಯೋ ಸಣ್ಣ ಉಪಕರಣ) ಬಣ್ಣ, ಸೈಜ್ ನಂಬರಿಗೆ ನಮ್ಮ ಬ್ಯಾಚಿನ ಹಾಡು "ಬಿ-ಹ-ಕೆಂ-ನೀ-ಹ-ಕ": ಬಿಳಿ 15, ಹಳದಿ 20, ಕೆಂಪು 25, ನೀಲಿ 30, ಹಸಿರು 35, ಕಪ್ಪು 40. 45ರಿಂದ ಮತ್ತ ಬಿಳಿ ಶುರು. ಎರಡು "ಹ" ಅದಾವ, ಮೊದಲನೇದು ಹಳದಿ, ಇಲ್ಲೇ ಎಲ್ಲಾರೂ ಎಡವೋದು. 15ಕ್ಕಿಂತ ಕೆಳಗಿನವು ಬ್ಯಾರೆ: 6 ಗುಲಾಬಿ, 8 ಬೂದಿ, 10 ನೇರಳೆ.

ತೊಳೆಯೋದು ಸೋಡಿಯಂ ಹೈಪೋಕ್ಲೋರೈಟ್, ಸೂಜಿ ಕೆನಾಲಿನಾಗ ಬಿಗಿಯಾಗಿ ಸಿಗಿಸಿ ಒತ್ತಬ್ಯಾಡ್ರಿ, ತುದಿ ದಾಟಿ ಹೋತಂದ್ರ ಕೂತಲ್ಲೇ ಮುಖ ಬಾತುಬಿಡ್ತದ. ಸ್ಮಿಯರ್ ಲೇಯರಿಗೆ (ಕೆರದಾಗ ಗೋಡಿಗೆ ಹತ್ತೋ ಪುಡಿ ಪದರ) 17 ಪರ್ಸೆಂಟ್ ಇಡಿಟಿಎ. ಕ್ಲೋರ್‌ಹೆಕ್ಸಿಡಿನ್ ಹಾಕೋದಿದ್ರ ನಡುವ ಸಲೈನಿಲೆ ತೊಳೀರಿ, ಇಲ್ಲಾಂದ್ರ ಹೈಪೋಕ್ಲೋರೈಟ್ ಜೊತಿ ಸೇರಿ ಕಂದು ಗಸಿ ಕುಂದರ್ತದ. ಗಟ್ಟಾಪರ್ಚಾ (ಕೆನಾಲ್ ತುಂಬೋ ರಬ್ಬರಿನಂಥ ವಸ್ತು), ಸೀಲರ್ ತುಂಬಿದ ಮ್ಯಾಲ "ಬ್ಯಾನಿ ಹೋತಲ್ಲ, ಕ್ಯಾಪ್ ಯಾಕ" ಅಂತಾರ. ಹಿಂದಿನ ಹಲ್ಲು ಕೊರದು ಟೊಳ್ಳಾಗಿರ್ತದ, ಕ್ಯಾಪ್ ಇಲ್ಲದ ಕಟಕ್ ರೊಟ್ಟಿ ಕಡದ್ರ ಸೀಳಬಹುದು ಅಂತ ಮೊದಲನೇ ದಿನಾನೇ ಹೇಳಿಬಿಡ್ರಿ, ರೊಕ್ಕದ ಲೆಕ್ಕದ ಜೊತಿಗೆ.