ಮೇ ತಿಂಗಳಲ್ಲಿ ಮೇಲೆ ಬರುವ ಕುರ್ಡಿ

ಮೇ ತಿಂಗಳು ಬಂತೆಂದರೆ ವಾಸ್ಕೋ, ಮಡಗಾಂವ್ ಕಡೆಯ ನಮ್ಮ ಕನ್ನಡದ ಹುಡುಗರ ಸ್ಟೇಟಸ್‌ನಲ್ಲಿ ಒಂದೇ ಥರದ ವಿಡಿಯೋ. ಬಿರುಕು ಬಿಟ್ಟ ನೆಲ, ಮನೆಗಳ ತಳಪಾಯ, ಮರದ ಬೊಡ್ಡೆ, ಹಿಂದೆ ಹೆದರಿಸುವ ಮ್ಯೂಸಿಕ್. ಮೇಲೆ ‘ದೆವ್ವದ ಊರು’ ಅಂತ ಒಂದು ಸಾಲು. ದೆವ್ವ ಗಿವ್ವ ಏನೂ ಇಲ್ಲ. ಅದು ದಕ್ಷಿಣ ಗೋವಾದ ಸಾಂಗೆ ತಾಲೂಕಿನ ಕುರ್ಡಿ, ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಊರು. ಊರು ಮುಳುಗಿದ್ದೂ ಗೋವಾದ ಮಳೆಯ ಲೆಕ್ಕದಲ್ಲೇ, ವರ್ಷಕ್ಕೊಮ್ಮೆ ಮೇಲೆ ಬರುವುದೂ ಅದೇ ಲೆಕ್ಕದಲ್ಲಿ.

ಗೋವಾದಲ್ಲಿ ನೀರಿನ ತಾಪತ್ರಯ ಅಂದರೆ ಹೊಸಬರು ನಂಬುವುದಿಲ್ಲ. ಕರಾವಳಿಯಲ್ಲೇ ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ. ಘಟ್ಟದ ಬುಡದ ಸಾಂಗೆಯಲ್ಲಿ ಇನ್ನೂ ಜಾಸ್ತಿ. ಆದರೆ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಹೊಳೆಗಳ ಉದ್ದ ಕಡಿಮೆ. ಘಟ್ಟ ಇಳಿದ ನೀರು ಬೇಗ ಸಮುದ್ರ ಸೇರುತ್ತದೆ. ಬೇಸಿಗೆಯಲ್ಲಿ ಉಬ್ಬರದ ಉಪ್ಪುನೀರು ಜುವಾರಿ ನದಿಯೊಳಗೆ ಬಹಳ ದೂರ ನುಗ್ಗುತ್ತದೆ. ಕಣ್ಣೆದುರಿಗೆ ನದಿ ಇದ್ದರೂ ಕುಡಿಯುವಂತಿಲ್ಲ.

ಅದಕ್ಕೇ ಮೇಲ್ಭಾಗದಲ್ಲಿ, ಜುವಾರಿಗೆ ಸೇರುವ ಸಾಳಾವಲಿ ಹೊಳೆಗೆ ಅಣೆಕಟ್ಟು ಕಟ್ಟುವ ಯೋಚನೆ ಬಂತು. ಗೋವಾದ ಮೊದಲ ಮುಖ್ಯಮಂತ್ರಿ ದಯಾನಂದ ಬಾಂದೋಡ್ಕರ್ ಕುರ್ಡಿಗೇ ಬಂದು, ಇಡೀ ದಕ್ಷಿಣ ಗೋವಾಕ್ಕೆ ಇದರಿಂದ ಅನುಕೂಲ ಎಂದು ಜನರನ್ನು ಒಪ್ಪಿಸಿದ್ದರು. 1970ರ ದಶಕದಲ್ಲಿ ಕೆಲಸ ಶುರುವಾಯಿತು. 1986ರ ಹೊತ್ತಿಗೆ ಊರು ನೀರಿನಡಿ ಹೋಯಿತು.

ಕುರ್ಡಿ ಬಡ ಊರೇನಲ್ಲ. ಗದ್ದೆ, ತೆಂಗು, ಗೇರು, ಹಲಸು ಎಲ್ಲ ಇತ್ತು. ಹಿಂದೂ, ಕ್ರೈಸ್ತ, ಮುಸ್ಲಿಂ ಸೇರಿ ಸುಮಾರು 3000 ಜನ. ಹಿಂದೂಸ್ತಾನಿ ಗಾಯಕಿ ಮೋಗುಬಾಯಿ ಕುರ್ಡೀಕರ್ 1904ರಲ್ಲಿ ಹುಟ್ಟಿದ್ದು ಇಲ್ಲೇ. ಮೋಗುಬಾಯಿಯವರ ಮಗಳೇ ಗಾಯಕಿ ಕಿಶೋರಿ ಅಮೋಣ್‌ಕರ್. ಇಲ್ಲಿದ್ದ ಕದಂಬರ ಕಾಲದ ಮಹಾದೇವ ಗುಡಿಯನ್ನು ಪುರಾತತ್ವ ಇಲಾಖೆಯವರು ಕಲ್ಲು ಕಲ್ಲಾಗಿ ಬಿಚ್ಚಿ, ಅಣೆಕಟ್ಟಿನ ಹತ್ತಿರ ಮತ್ತೆ ಜೋಡಿಸಿದರು. ಜನರಿಗೆ ವಾಡೆ, ವಾಲ್ಕಿಣಿಯಲ್ಲಿ ಜಾಗ ಕೊಟ್ಟರು. ಗುಡಿಯನ್ನಾದರೆ ಇದ್ದ ಹಾಗೇ ಎಬ್ಬಿಸಿ ನಿಲ್ಲಿಸಬಹುದು, ತೋಟವನ್ನು ಹೇಗೆ ಎಬ್ಬಿಸುತ್ತಾರೆ? ಬಾಗಲಕೋಟೆ, ವಿಜಯಪುರದಿಂದ ಬಂದು ಜುವಾರಿನಗರದಲ್ಲಿ ನೆಲೆಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಡೆ ಅನುಭವಿಸಿದ ನಂಟರು ಅವರಿಗೂ ಇದ್ದಾರೆ.

ಇನ್ನು ಮೇ ತಿಂಗಳ ಮಾತು. ಮಳೆಗಾಲದಲ್ಲಿ ಜಲಾಶಯ ತುಂಬಿದರೆ ಹೆಚ್ಚಿನ ನೀರು ದುಂಡನೆಯ ಕೋಡಿಯಿಂದ ತಾನಾಗಿಯೇ ಧುಮ್ಮಿಕ್ಕುತ್ತದೆ. ಅದನ್ನು ನೋಡಲೂ ಜನ ಸೇರುತ್ತಾರೆ. ಮಳೆ ನಿಂತ ಮೇಲೆ ಗದ್ದೆಗೆ, ನಲ್ಲಿಗೆ ನೀರು ಹೋಗುತ್ತಲೇ ಇರುತ್ತದೆ, ಬಿಸಿಲು ತನ್ನ ಪಾಲು ಕುಡಿಯುತ್ತದೆ. ಏಪ್ರಿಲ್ ಕೊನೆಗೆ ಮಟ್ಟ ಇಳಿದು, ಮೊದಲು ಎತ್ತರದ ಜಾಗ, ಆಮೇಲೆ ದಾರಿ, ಜಂಬಿಟ್ಟಿಗೆಯ ತಳಪಾಯ ಕಾಣುತ್ತವೆ. ಅಂದರೆ ವಾಸ್ಕೋದಲ್ಲಿ ನಾವು ಬಕೆಟ್ ತುಂಬಿಸಿದಷ್ಟೂ ಕುರ್ಡಿ ಮೇಲೆ ಬರುತ್ತದೆ! ಗೋವಾಕ್ಕೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 5ರ ಆಸುಪಾಸು. 2025ರಲ್ಲಿ ಅದು ಮೇ ಕೊನೆಯ ವಾರಕ್ಕೇ ಬಂದುಬಿಟ್ಟಿತ್ತು. ಅಂಥ ವರ್ಷ ಊರಿಗೆ ಸಿಗುವ ದಿನಗಳು ಕಮ್ಮಿ.

ಆ ಕೆಲವೇ ದಿನಗಳಲ್ಲಿ ಹಳಬರು ಮಕ್ಕಳು, ಮೊಮ್ಮಕ್ಕಳೊಂದಿಗೆ ಬರುತ್ತಾರೆ. ಊರ ದೇವರು ಸೋಮೇಶ್ವರನಿಗೆ ಪೂಜೆ, ಚಾಪೆಲ್‌ನ ಹಬ್ಬ ಎರಡೂ ನಡೆಯುತ್ತವೆ. ‘ಇದು ನಮ್ಮ ಮನೆ’ ಅಂತ ತೋರಿಸಲು ಉಳಿದಿರುವುದು ತಳಪಾಯ ಮಾತ್ರ. ಡ್ರೋನ್ ಹಾರಿಸುವವರ ಗದ್ದಲದಲ್ಲಿ ಇವರನ್ನು ಮಾತಾಡಿಸುವವರು ಕಡಿಮೆ. ಮಾತಾಡಿಸಿದರೆ ಹೊರಬರುವುದು ದೆವ್ವದ ಕಥೆಯಲ್ಲ, ನೀರಿನ ತಕರಾರು: ಯಾರ ಊರು ಮುಳುಗಿಸಿ ಅಣೆಕಟ್ಟು ಕಟ್ಟಿದರೋ ಆ ವಾಡೆಯವರಿಗೇ ಅದರ ನೀರು ಸರಿಯಾಗಿ ಬರಲಿಲ್ಲ, ಬೇಸಿಗೆಯಲ್ಲಿ ಬಾವಿ ಬತ್ತಿದಾಗ ಟ್ಯಾಂಕರ್ ಕಾಯಬೇಕಾಯಿತು ಎಂದು.