ಪ್ರೊಸೆಸರ್‌ಗೆ ಥರ್ಮಲ್ ಪೇಸ್ಟ್ ಎಷ್ಟು ಹಾಕಬೇಕು?

ಓದುಗರ ಪ್ರಶ್ನೆ: ನನ್ನ ಡೆಸ್ಕ್‌ಟಾಪ್‌ನಲ್ಲಿ ರೈಜನ್ 5 5600 ಪ್ರೊಸೆಸರ್ ಇದೆ. ಅದನ್ನು ತಣ್ಣಗಿಡುವ ಕೂಲರ್ ಅದರ ಜೊತೆಗೇ ಬಂದದ್ದು. ಈಚೆಗೆ ಗೇಮ್ ಶುರು ಮಾಡಿದ ಕೂಡಲೇ ಫ್ಯಾನ್ ಜೋರಾಗಿ ಕೂಗುತ್ತದೆ. ಪ್ರೊಸೆಸರ್ ಮತ್ತು ಕೂಲರ್ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಬದಲಾಯಿಸಿ ಅಂತ ಗೆಳೆಯರು ಹೇಳಿದರು. ಬಟಾಣಿಯಷ್ಟು ಸಾಕು ಅಂತ ಒಬ್ಬರು, ಪೂರ್ತಿ ಬಳಿಯಬೇಕು ಅಂತ ಇನ್ನೊಬ್ಬರು, ಅಡ್ಡಡ್ಡ ಗೆರೆ ಎಳೆಯಿರಿ ಅಂತ ಮತ್ತೊಬ್ಬರು. ಯಾವುದು ಸರಿ? ಜಾಸ್ತಿ ಆದರೆ ಪ್ರೊಸೆಸರ್ ಹಾಳಾಗುತ್ತಾ?

ಉತ್ತರ: ಮೂರೂ ನಡೆಯುತ್ತವೆ. ಮಾಮೂಲಿ ಪೇಸ್ಟ್ ಜಾಸ್ತಿ ಆದರೆ ಪ್ರೊಸೆಸರ್ ಹಾಳಾಗುವುದಿಲ್ಲ. ಅಂಚಿನಿಂದ ಹೊರಗೆ ಬಂದು ಗಲೀಜಾಗುತ್ತದೆ, ಅಷ್ಟೇ. ತೊಂದರೆ ಬರುವುದು ಕಡಿಮೆ ಹಾಕಿದಾಗ. ಇನ್ನೂ ದೊಡ್ಡ ತೊಂದರೆ ಕೂಲರ್ ಓರೆಯಾಗಿ ಕೂತಾಗ. ಪೇಸ್ಟಿನ ಆಕಾರದ ಬಗ್ಗೆ ಗಂಟೆಗಟ್ಟಲೆ ವಾದ ಮಾಡುವವರು ಸ್ಕ್ರೂ ಹಾಕುವಾಗ ಅವಸರ ಮಾಡುತ್ತಾರೆ. ಕೆಲಸ ಕೆಡುವುದು ಹೆಚ್ಚಾಗಿ ಅಲ್ಲೇ.

ಪೇಸ್ಟ್ ಯಾಕೆ ಬೇಕು ಅಂತ ಗೊತ್ತಾದರೆ ಎಷ್ಟು ಬೇಕು ಅನ್ನುವುದು ತಾನಾಗಿ ತಿಳಿಯುತ್ತದೆ. ಪ್ರೊಸೆಸರ್ ಮೇಲಿನ ಲೋಹದ ಮುಚ್ಚಳ ಮತ್ತು ಕೂಲರ್‌ನ ತಳ ಎರಡೂ ನುಣುಪಾಗಿ ಕಾಣುತ್ತವೆ. ಆದರೆ ಎರಡರಲ್ಲೂ ಕಣ್ಣಿಗೆ ಕಾಣದ ಉಬ್ಬುತಗ್ಗು ಇರುತ್ತದೆ. ಒಂದರ ಮೇಲೊಂದು ಇಟ್ಟರೆ ನಡುವೆ ಗಾಳಿ ಉಳಿಯುತ್ತದೆ. ಶಾಖ ಸಾಗಿಸುವ ಶಕ್ತಿಯನ್ನು ಅಳೆದರೆ ತಾಮ್ರಕ್ಕೆ ಸುಮಾರು 400, ಗಾಳಿಗೆ ಬರೀ 0.026. ಇದೇ ಅಳತೆಯಲ್ಲಿ ಪೇಸ್ಟ್‌ಗಳ ಡಬ್ಬಿಯ ಮೇಲೆ ಸಾಮಾನ್ಯವಾಗಿ 4ರಿಂದ 12ರ ಒಳಗಿನ ಅಂಕಿ ಇರುತ್ತದೆ. ಅಂದರೆ ಪೇಸ್ಟ್ ಗಾಳಿಗಿಂತ ನೂರಾರು ಪಟ್ಟು ವಾಸಿ, ಲೋಹದ ಮುಂದೆ ಏನೂ ಅಲ್ಲ. ಹಾಗಾಗಿ ಗಾಳಿ ಇರುವ ಕಡೆಯೆಲ್ಲ ಪೇಸ್ಟ್ ತುಂಬಬೇಕು, ಆದರೆ ಪದರ ಆದಷ್ಟು ತೆಳ್ಳಗಿರಬೇಕು.

ತೆಳ್ಳಗೆ ಮಾಡುವುದು ನಿಮ್ಮ ಕೈ ಅಲ್ಲ, ಕೂಲರ್‌ನ ಒತ್ತಡ. ಬೇಕಾದರೆ ಲೆಕ್ಕ ಹಾಕಿ ನೋಡಿ. 5 ಮಿಲಿಮೀಟರ್ ಅಡ್ಡಳತೆಯ ಒಂದು ಉಂಡೆ ಪೇಸ್ಟ್ ಅಂದರೆ ಸುಮಾರು 65 ಘನ ಮಿಲಿಮೀಟರ್. ಅದನ್ನು ಒಂದೊಂದು ಬದಿ 35 ಮಿಲಿಮೀಟರ್ ಇರುವ ಚೌಕದ ಮೇಲೆ ಸಮನಾಗಿ ಹರಡಿದರೆ ದಪ್ಪ 0.05 ಮಿಲಿಮೀಟರ್ ಆಸುಪಾಸು ಬರುತ್ತದೆ. ಅಷ್ಟು ಸಾಕು. ಬಟಾಣಿಯಷ್ಟು ಅನ್ನುವ ಮಾತು ಪೂರ್ತಿ ಸುಳ್ಳಲ್ಲ. ಆದರೆ ಒಣಗಿದ ಬಟಾಣಿಯೋ ನೆನೆಸಿದ ಬಟಾಣಿಯೋ ಅಂತ ಯಾರೂ ಹೇಳುವುದಿಲ್ಲ ನೋಡಿ.

ಟ್ಯೂಬ್ ಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ಪಕ್ಕದ ಬಾಗಿಲು ತೆಗೆದು ಕೂಲರ್‌ನ ರೆಕ್ಕೆಗಳ ನಡುವೆ ಟಾರ್ಚ್ ಬಿಟ್ಟು ನೋಡಿ. ಧೂಳು ಗಟ್ಟಿಯಾಗಿ ಕೂತಿದ್ದರೆ ಫ್ಯಾನ್ ಕೂಗುವುದಕ್ಕೆ ಅದೇ ಕಾರಣ ಇರಬಹುದು. ಪಿಸಿ ಆಫ್ ಮಾಡಿ, ಫ್ಯಾನ್ ತಿರುಗದ ಹಾಗೆ ಬೆರಳಲ್ಲಿ ಹಿಡಿದು, ಬ್ರಷ್ ಅಥವಾ ಬ್ಲೋವರ್‌ನಿಂದ ತೆಗೆಯಿರಿ. ಆಮೇಲೂ ಗೇಮ್ ಆಡುವಾಗ ಪ್ರೊಸೆಸರ್‌ನ ಶಾಖ (ಎಚ್‌ಡಬ್ಲ್ಯೂಇನ್ಫೋ ಎಂಬ ಪ್ರೋಗ್ರಾಂನಲ್ಲಿ ಕಾಣುತ್ತದೆ) 90 ಡಿಗ್ರಿ ಹತ್ತಿರ ಹೋಗುತ್ತಿದ್ದರೆ ಪೇಸ್ಟ್ ಬದಲಿಸೋಣ. ನಿಮ್ಮ ಪ್ರೊಸೆಸರ್‌ಗೆ 90 ಡಿಗ್ರಿಯೇ ಮಿತಿ. ಅಲ್ಲಿಗೆ ಮುಟ್ಟಿದರೆ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ.

ಇನ್ನು ಕೂಲರ್ ಬಿಚ್ಚುವುದು. ನಿಮ್ಮ ಬೋರ್ಡಿನಲ್ಲಿ, ಅಂದರೆ ಪ್ರೊಸೆಸರ್ ಕೂರುವ ಎಎಂ4 ಸಾಕೆಟ್ಟಿನಲ್ಲಿ, ಹುಷಾರಾಗಿರಬೇಕಾದ ಜಾಗ ಇದೇ. ಇಲ್ಲಿ ಪಿನ್ನುಗಳು ಪ್ರೊಸೆಸರ್‌ನಲ್ಲೇ ಇರುತ್ತವೆ, ಮೇಲಿನಿಂದ ಅದನ್ನು ಹಿಡಿದಿಡುವ ಚೌಕಟ್ಟು ಇಲ್ಲ. ಒಣಗಿದ ಪೇಸ್ಟ್ ಅಂಟಿನ ಹಾಗೆ ಹಿಡಿದುಕೊಂಡಿರುತ್ತದೆ. ಕೂಲರನ್ನು ನೆಟ್ಟಗೆ ಮೇಲಕ್ಕೆ ಎಳೆದರೆ ಪ್ರೊಸೆಸರ್ ಕೂಡ ಸಾಕೆಟ್ಟಿನಿಂದ ಕಿತ್ತುಕೊಂಡು ಬರಬಹುದು. ಆದ್ದರಿಂದ ಮೊದಲು ಹತ್ತು ನಿಮಿಷ ಗೇಮ್ ಓಡಿಸಿ ಪೇಸ್ಟ್ ಬಿಸಿಯಾಗಿ ಮೆತ್ತಗಾಗಲಿ. ಪಿಸಿ ಆಫ್ ಮಾಡಿ, ಪ್ಲಗ್ ತೆಗೆದು, ಕ್ಯಾಬಿನೆಟ್ ಅಡ್ಡ ಮಲಗಿಸಿ. ಲೋಹದ ಭಾಗ ಒಮ್ಮೆ ಮುಟ್ಟಿ ಮೈಮೇಲಿನ ಸ್ಟ್ಯಾಟಿಕ್ ವಿದ್ಯುತ್ ಹರಿದುಹೋಗಲು ಬಿಡಿ. ಫ್ಯಾನ್ ವೈರ್ ತೆಗೆದು, ನಾಲ್ಕು ಸ್ಕ್ರೂಗಳನ್ನು ಎದುರುಬದುರು ಮೂಲೆಯಲ್ಲಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಸ್ಕ್ರೂ ಪೂರ್ತಿ ಬಂದಾಗ ಬೋರ್ಡಿನ ಹಿಂದಿನ ಪ್ಲೇಟ್ ಜಾರಬಹುದು, ಅದಕ್ಕೊಂದು ಕೈ ಕೊಟ್ಟಿರಿ. ಆಮೇಲೆ ಕೂಲರನ್ನು ಎಡಕ್ಕೆ ಬಲಕ್ಕೆ ನಿಧಾನವಾಗಿ ತಿರುಚಿ. ಹಿಡಿತ ಬಿಟ್ಟದ್ದು ಕೈಗೆ ಗೊತ್ತಾಗುತ್ತದೆ. ಆಗ ಎತ್ತಿ.

ಇಷ್ಟಾದರೂ ಪ್ರೊಸೆಸರ್ ಕಿತ್ತು ಬಂದರೆ ಗಾಬರಿ ಬೇಡ. ಪಿನ್ನು ಬಗ್ಗಿಲ್ಲ ಅಂತ ನೋಡಿಕೊಳ್ಳಿ, ಸಾಕೆಟ್ಟಿನ ಸನ್ನೆಕಡ್ಡಿ (ಲಿವರ್) ಎತ್ತಿ, ಮೂಲೆಯ ತ್ರಿಕೋನ ಗುರುತು ಹೊಂದಿಸಿ, ಒತ್ತದೆ ಬಿಡಿ. ತಾನೇ ಕೂರಬೇಕು.

ಹಳೆಯ ಪೇಸ್ಟ್ ಒರೆಸಲು ಐಸೊಪ್ರೊಪೈಲ್ ಆಲ್ಕೋಹಾಲ್ ಬೇಕು, ಶೇಕಡ 90ಕ್ಕಿಂತ ಮೇಲಿನದು. ಬೆಂಗಳೂರಿನವರಾದರೆ ಎಸ್.ಪಿ. ರಸ್ತೆಯಲ್ಲಿ ಐಪಿಎ ಅಂತ ಕೇಳಿ. ಬೇರೆ ಊರುಗಳಲ್ಲಿ ಮೊಬೈಲ್ ರಿಪೇರಿ ಸಾಮಾನು ಮಾರುವ ಅಂಗಡಿಯಲ್ಲಿ ವಿಚಾರಿಸಿ. ಸ್ಯಾನಿಟೈಸರ್ ಬೇಡ, ಅದರಲ್ಲಿ ಗ್ಲಿಸರಿನ್ ಇರುತ್ತದೆ, ಜಿಡ್ಡು ಉಳಿಯುತ್ತದೆ. ನೂಲು ಬಿಡದ ಬಟ್ಟೆ ಒದ್ದೆ ಮಾಡಿ ಎರಡೂ ಕಡೆ ಹೊಳೆಯುವವರೆಗೆ ಒರೆಸಿ, ಒಣಗಲು ಬಿಡಿ. ಒರೆಸಿದ ಮೇಲೆ ಬೆರಳು ತಾಗಿಸಬೇಡಿ.

ಈಗ ಪೇಸ್ಟ್. ನಡುವೆ 5 ಮಿಲಿಮೀಟರ್ ಅಗಲದ ಒಂದು ಚುಕ್ಕೆ ಇಡಿ. ನಾಲ್ಕು ಮೂಲೆಗಳ ಕಡೆಗೆ ಸಾಸಿವೆ ಕಾಳಿನಷ್ಟು ಒಂದೊಂದು. ಮೂಲೆಗೆ ಯಾಕೆ ಅಂದರೆ, ನಿಮ್ಮ ರೈಜನ್‌ನಲ್ಲಿ ಬಿಸಿಯಾಗುವ ಚಿಪ್ ಮುಚ್ಚಳದ ನಟ್ಟನಡುವೆ ಇಲ್ಲ, ಒಂದು ಬದಿಗೆ ಇದೆ. ಅಲ್ಲಿಗೆ ಪೇಸ್ಟ್ ಮುಟ್ಟಲೇಬೇಕು. ಬೆರಳಿನಿಂದ ಬಳಿಯುವ ಅಭ್ಯಾಸ ನನಗೆ ಇಷ್ಟವಿಲ್ಲ. ಒಂದು ಕಡೆ ದಪ್ಪ, ಒಂದು ಕಡೆ ತೆಳು ಆಗುತ್ತದೆ. ಟ್ಯೂಬ್ ಜೊತೆ ಪುಟ್ಟ ಪ್ಲಾಸ್ಟಿಕ್ ಚಮಚ ಬಂದಿದ್ದರೆ ಹರಡಿ, ತಪ್ಪೇನಿಲ್ಲ.

ಕೂಲರನ್ನು ನೇರವಾಗಿ ಇಳಿಸಿ. ಹೊಸ ಕೂಲರ್ ಆಗಿದ್ದರೆ ತಳದ ಪ್ಲಾಸ್ಟಿಕ್ ಹಾಳೆ ಕಿತ್ತಿದ್ದೀರಾ ನೋಡಿ. ಅದನ್ನು ಹಾಗೇ ಬಿಟ್ಟು ಕೂರಿಸುವವರು ಕಡಿಮೆ ಇಲ್ಲ! ನಾಲ್ಕೂ ಸ್ಕ್ರೂ ಮೊದಲು ಎರಡೆರಡು ಸುತ್ತು ಹಿಡಿಯಲಿ. ಆಮೇಲೆ ಎದುರುಬದುರು ಮೂಲೆಗಳಲ್ಲಿ ಒಂದೊಂದೇ ಸುತ್ತು ಬಿಗಿ ಮಾಡುತ್ತಾ ಬನ್ನಿ. ಒಂದೇ ಸ್ಕ್ರೂ ಪೂರ್ತಿ ಬಿಗಿ ಮಾಡಿದರೆ ಕೂಲರ್ ಓರೆಯಾಗಿ ಪೇಸ್ಟ್ ಒಂದು ಕಡೆಗೆ ಓಡುತ್ತದೆ. ಸ್ಕ್ರೂ ನಿಂತಲ್ಲಿ ನಿಲ್ಲಿಸಿ. ಹೇಗೆ ಹರಡಿದೆ ಅಂತ ನೋಡಲು ಕೂಲರ್ ಎತ್ತಬೇಡಿ. ಎತ್ತಿದರೆ ಒಳಗೆ ಗಾಳಿ ಸೇರುತ್ತದೆ, ಮತ್ತೆ ಒರೆಸಿ ಮೊದಲಿಂದ ಶುರು ಮಾಡಬೇಕು. ಫ್ಯಾನ್ ವೈರನ್ನು ಸಿಪಿಯು ಫ್ಯಾನ್ ಅಂತ ಬರೆದಿರುವ ಜಾಗಕ್ಕೇ ಹಾಕಿ.

ಫಲಿತಾಂಶ ನೋಡಲು ವಿಂಡೋಸ್‌ನಲ್ಲಿ ಎಚ್‌ಡಬ್ಲ್ಯೂಇನ್ಫೋ ಸಾಕು. ಹಿಂದೆ ಆಡಿದ ಅದೇ ಗೇಮ್, ಅದೇ ಹೊತ್ತಿನಲ್ಲಿ ಹೋಲಿಸಿ. ಕೋಣೆಯ ಬಿಸಿ ಏರಿದಷ್ಟೂ ಪ್ರೊಸೆಸರ್‌ನ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಕಲಬುರಗಿಯ ಏಪ್ರಿಲ್ ಮಧ್ಯಾಹ್ನವನ್ನು ಮಡಿಕೇರಿಯ ಡಿಸೆಂಬರ್ ರಾತ್ರಿಗೆ ಹೋಲಿಸಿದರೆ ಏನೂ ತಿಳಿಯುವುದಿಲ್ಲ.

ಯಾವ ಪೇಸ್ಟ್ ಅಂತ ತಲೆಕೆಡಿಸಿಕೊಳ್ಳಬೇಡಿ. ನಿಮ್ಮದು 65 ವ್ಯಾಟ್ ಪ್ರೊಸೆಸರ್, ತೀರಾ ಬಿಸಿ ಉಗುಳುವಂಥದ್ದಲ್ಲ. ಆರ್ಕ್‌ಟಿಕ್ ಎಂಎಕ್ಸ್-4, ನಾಕ್ಟುವಾ ಎನ್‌ಟಿ-ಎಚ್1 ಥರದ್ದು ಯಾವುದಾದರೂ ನಡೆಯುತ್ತದೆ. ಪೇಸ್ಟ್ ಬದಲಿಗೆ ಹಾಕುವ ದ್ರವರೂಪದ ಲೋಹ, ಲಿಕ್ವಿಡ್ ಮೆಟಲ್ ಮಾತ್ರ ಬೇಡವೇ ಬೇಡ. ಅದರಲ್ಲಿರುವ ಗ್ಯಾಲಿಯಂ ಅಲ್ಯುಮಿನಿಯಂ ಅನ್ನು ತಿಂದುಹಾಕುತ್ತದೆ, ನಿಮ್ಮ ಕೂಲರ್‌ನ ತಳ ಅಲ್ಯುಮಿನಿಯಂನದೇ. ಅದು ವಿದ್ಯುತ್ತನ್ನೂ ಹರಿಸುತ್ತದೆ, ಚೆಲ್ಲಿದರೆ ಬೋರ್ಡ್ ಶಾರ್ಟ್ ಆಗುತ್ತದೆ. ನೀವು ಕೇಳಿದ "ಹಾಳಾಗುತ್ತಾ" ಅನ್ನುವ ಭಯ ಇದಕ್ಕಾದರೆ ಸರಿ.

ಲ್ಯಾಪ್‌ಟಾಪ್ ಇರುವವರಿಗೆ ಲೆಕ್ಕ ಬೇರೆ. ಅಲ್ಲಿ ಮುಚ್ಚಳವೇ ಇಲ್ಲ, ಚಿಪ್ ಬರಿದಾಗಿರುತ್ತದೆ. ಪೇಸ್ಟ್ ಮುಟ್ಟದ ಜಾಗ ಕೂಡಲೇ ಬಿಸಿಯೇರುತ್ತದೆ. ಆದ್ದರಿಂದ ಅಲ್ಲಿ ಪೂರ್ತಿ ಹರಡುವುದೇ ಸರಿ. ಪಕ್ಕದ ಮೆಮೊರಿ ಚಿಪ್‌ಗಳ ಮೇಲಿನ ಮೆತ್ತನೆಯ ಪ್ಯಾಡ್ ಹರಿದರೆ ಅಷ್ಟೇ ದಪ್ಪದ ಪ್ಯಾಡ್ ಹಾಕಬೇಕು, ಪೇಸ್ಟ್ ಅಲ್ಲ.

4 ಗ್ರಾಂ ಟ್ಯೂಬ್ ಹತ್ತಕ್ಕೂ ಜಾಸ್ತಿ ಸಲ ಬರುತ್ತದೆ. ಮುಚ್ಚಳ ಬಿಗಿ ಮಾಡಿ ತಣ್ಣನೆಯ ಜಾಗದಲ್ಲಿ ಇಡಿ. ಮುಂದಿನ ಸಲ ತೆಗೆದಾಗ ಎಣ್ಣೆ ಬೇರೆ, ಪುಡಿ ಬೇರೆ ಆಗಿ ಬಂದರೆ ಎಸೆದು ಹೊಸದು ತನ್ನಿ.