ತಲೆಯಲ್ಲಿ ಸುತ್ತುವ ಹಾಡು: ವರ್ಕಿಂಗ್ ಮೆಮೊರಿ ಪಾಠಕ್ಕೊಂದು ಟಿಪ್ಪಣಿ

ಮನಃಶಾಸ್ತ್ರದಲ್ಲಿ ವರ್ಕಿಂಗ್ ಮೆಮೊರಿ (ಮಾಡುತ್ತಿರುವ ಕೆಲಸಕ್ಕೆ ಬೇಕಾದದ್ದನ್ನು ಸ್ವಲ್ಪ ಹೊತ್ತು ಮನಸ್ಸಿನಲ್ಲಿ ಹಿಡಿದಿಡುವ ನೆನಪು) ಪಾಠ ಬಂದಾಗ ‘ಫೋನಲಾಜಿಕಲ್ ಲೂಪ್’ ಅನ್ನುವ ಹೆಸರನ್ನು ಬಹಳ ಜನ ಬಾಯಿಪಾಠ ಮಾಡಿ ಮುಂದೆ ಹೋಗಿಬಿಡುತ್ತಾರೆ. ಹಾಗೆ ಮಾಡಬೇಡಿ. ಇದನ್ನು ಅರ್ಥ ಮಾಡಿಕೊಳ್ಳಲು ನಮ್ಮೆಲ್ಲರ ಹತ್ತಿರ ಒಂದು ಉದಾಹರಣೆ ಇದ್ದೇ ಇದೆ. ಬೇಡ ಅಂದರೂ ಮತ್ತೆ ಮತ್ತೆ ತಲೆಯಲ್ಲಿ ಸುತ್ತುವ ಹಾಡಿನ ಸಾಲು.

ಇದಕ್ಕೆ ಜನ ಇಯರ್‌ವರ್ಮ್ ಅನ್ನುತ್ತಾರೆ. ಸಂಶೋಧನಾ ಲೇಖನಗಳಲ್ಲಿ ‘ಇನ್ವಾಲಂಟರಿ ಮ್ಯೂಸಿಕಲ್ ಇಮೇಜರಿ’ ಅಂತ ಇರುತ್ತದೆ. ಎರಡೂ ಒಂದೇ. ಗುರುತಿಸುವುದು ಸುಲಭ: ನಾವು ಕರೆಯದೆ ಬರುತ್ತದೆ, ಪೂರ್ತಿ ಹಾಡಲ್ಲ, ಒಂದು ತುಂಡು ಮಾತ್ರ ಬರುತ್ತದೆ, ಬಂದದ್ದೇ ಮತ್ತೆ ಬರುತ್ತದೆ. ಹಾಡು ಹೊರಗೆಲ್ಲೋ ನಿಜವಾಗಿ ಕೇಳಿಸುತ್ತಿದೆ ಅನ್ನಿಸಿದರೆ ಅದು ಬೇರೆ. ಅದು ಮ್ಯೂಸಿಕಲ್ ಹ್ಯಾಲ್ಯುಸಿನೇಷನ್, ಕಿವಿ ಮಂದವಾದ ವಯಸ್ಸಾದವರಲ್ಲಿ ಕೆಲವೊಮ್ಮೆ ಕಾಣಿಸುತ್ತದೆ. ಎರಡನ್ನೂ ಬೆರೆಸಬೇಡಿ. ಇಯರ್‌ವರ್ಮ್ ಕಾಯಿಲೆಯಲ್ಲ. ಫಿನ್ಲೆಂಡಿನ ಲಾಸಿ ಲೀಕನೆನ್ 12,000ಕ್ಕೂ ಹೆಚ್ಚು ಜನರನ್ನು ಆನ್‌ಲೈನ್‌ನಲ್ಲಿ ಕೇಳಿ 2008ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ನೂರಕ್ಕೆ 90ಕ್ಕಿಂತ ಜಾಸ್ತಿ ಜನ ವಾರಕ್ಕೊಮ್ಮೆಯಾದರೂ ಹೀಗಾಗುತ್ತದೆ ಅಂದಿದ್ದರು.

ಈಗ ಲೂಪ್ ವಿಷಯ. ಅಲನ್ ಬ್ಯಾಡ್ಲಿ ಮತ್ತು ಗ್ರಹಾಂ ಹಿಚ್ 1974ರಲ್ಲಿ ಕೊಟ್ಟ ವರ್ಕಿಂಗ್ ಮೆಮೊರಿ ಮಾದರಿಯಿಂದ ಬೆಳೆದ ಕಲ್ಪನೆ ಇದು. ಇದರಲ್ಲಿ ಎರಡು ಕೆಲಸಗಳಿವೆ. ಕೇಳಿದ ಶಬ್ದವನ್ನು ಒಂದೆರಡು ಸೆಕೆಂಡು ಹಿಡಿದಿಡುವುದು ಒಂದು. ಅದು ಅಳಿಸಿಹೋಗುವ ಮೊದಲೇ ಒಳಗೊಳಗೇ ಮತ್ತೆ ಹೇಳಿಕೊಳ್ಳುವುದು ಇನ್ನೊಂದು. ಮೊಬೈಲ್‌ಗೆ ಬಂದ ಓಟಿಪಿ ನೋಡಿ ಇನ್ನೊಂದು ಸ್ಕ್ರೀನಿಗೆ ಹೋಗುವಷ್ಟರಲ್ಲಿ ಆ ಅಂಕಿಗಳನ್ನು ತುಟಿಯಲ್ಲೇ ಹೇಳಿಕೊಳ್ಳುತ್ತೇವೆ ಅಲ್ವಾ? ಅದೇ ಈ ಎರಡನೇ ಕೆಲಸ. ದನಿ ಹೊರಗೆ ಬರದಿದ್ದರೂ ಮಾತಾಡಲು ಬೇಕಾದ ಸಿದ್ಧತೆ ಒಳಗೆ ನಡೆಯುತ್ತಿರುತ್ತದೆ.

ಹಾಗಾದರೆ ಬಾಯಿಗೆ ಬೇರೆ ಕೆಲಸ ಕೊಟ್ಟರೆ ಹಾಡು ನಿಲ್ಲಬೇಕು, ಅಲ್ವಾ? ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದ ಫಿಲಿಪ್ ಬೀಮನ್ ಮತ್ತು ಜೊತೆಗಾರರು 2015ರಲ್ಲಿ ಇದನ್ನೇ ಪರೀಕ್ಷಿಸಿದರು. ಬೇಗ ಬಾಯಿಗೆ ಹತ್ತುವಂಥ ಹಾಡು ಕೇಳಿಸಿದರು. ಆಮೇಲೆ ಹಾಡು ನೆನಪಿಗೆ ಬಂದಾಗಲೆಲ್ಲ ಒಂದು ಕೀ ಒತ್ತಿ ಅಂದರು. ಚ್ಯೂಯಿಂಗ್ ಗಮ್ ಜಗಿಯುತ್ತಿದ್ದಾಗ ಹಾಡು ಬಂದದ್ದು ಕಡಿಮೆ. ಇಲ್ಲಿ ಗಮನಿಸಬೇಕಾದದ್ದು ಅವರ ಇನ್ನೊಂದು ಹೋಲಿಕೆ. ಸುಮ್ನೆ ಬೆರಳಿನಿಂದ ತಾಳ ಹಾಕಿದರೆ ಜಗಿದಷ್ಟು ಪರಿಣಾಮ ಇರಲಿಲ್ಲ. ಅಂದರೆ ಗಮನ ಬೇರೆಡೆಗೆ ಹೋಗಿದ್ದಷ್ಟೇ ಕಾರಣವಲ್ಲ, ದವಡೆ ಮತ್ತು ನಾಲಿಗೆ ಬಿಡುವಿಲ್ಲದೆ ಇದ್ದದ್ದು ಕಾರಣ. ಈ ಪಾಠದಲ್ಲಿ ನನಗೆ ತುಂಬಾ ಇಷ್ಟವಾದ ಪ್ರಯೋಗ ಇದು. ಇಷ್ಟು ಸರಳವಾಗಿ ಒಂದು ಸಿದ್ಧಾಂತವನ್ನು ಮುಟ್ಟಿ ನೋಡುವುದು ಅಪರೂಪ.

ಲೂಪ್ ಒಂದರಿಂದಲೇ ಎಲ್ಲ ವಿವರಿಸಲು ಆಗುವುದಿಲ್ಲ. ಒಂದೆರಡು ಸೆಕೆಂಡಿನ ಜಾಗಕ್ಕೆ ಹಾಡನ್ನು ಮತ್ತೆ ಮತ್ತೆ ತಂದುಕೊಡುವುದು ದೀರ್ಘಕಾಲದ ನೆನಪು. 2005ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನವರು ಎಂಆರ್‌ಐ ಯಂತ್ರದೊಳಗೆ ಮಲಗಿದವರಿಗೆ ಹಾಡು ಕೇಳಿಸುತ್ತಾ ನಡುನಡುವೆ 2ರಿಂದ 5 ಸೆಕೆಂಡು ದನಿ ಕತ್ತರಿಸಿದರು. ಪರಿಚಯದ ಹಾಡಾದರೆ ಆ ಖಾಲಿ ಜಾಗದಲ್ಲೂ ಮಿದುಳಿನ ಶ್ರವಣ ಭಾಗ ಕೆಲಸ ಮಾಡುತ್ತಲೇ ಇತ್ತು. ಕೇಳುತ್ತಿದ್ದವರಿಗೂ ಹಾಡು ಮುಂದುವರಿದಂತೆಯೇ ಅನ್ನಿಸಿತು. ಗೊತ್ತಿಲ್ಲದ ಹಾಡಿನಲ್ಲಿ ಹಾಗಾಗಲಿಲ್ಲ.

ಯಾವ ಹಾಡು ಅಂಟಿಕೊಳ್ಳುತ್ತದೆ? ಕೆಲ್ಲಿ ಜಾಕುಬೊವ್‌ಸ್ಕಿ ಮತ್ತು ಜೊತೆಗಾರರು 3,000 ಜನರನ್ನು ಕೇಳಿ, ಅವರು ಹೆಸರಿಸಿದ ಪಾಪ್ ಹಾಡುಗಳನ್ನು ಅಷ್ಟೇ ಜನಪ್ರಿಯವಾದ ಬೇರೆ ಹಾಡುಗಳ ಜೊತೆ ಹೋಲಿಸಿದರು. ಅಂಟಿಕೊಳ್ಳುವ ಹಾಡಿನ ವೇಗ ಸ್ವಲ್ಪ ಜಾಸ್ತಿ. ಅದರ ಒಟ್ಟು ಆಕಾರ ತೀರಾ ಸಾಮಾನ್ಯ, ಮೇಲೇರಿ ಕೆಳಗಿಳಿಯುವಂಥದ್ದು. ಜೊತೆಗೆ ಎಲ್ಲೋ ಒಂದು ಕಡೆ ನಾವು ನಿರೀಕ್ಷಿಸದ ಜಿಗಿತ, ಇಲ್ಲವೇ ಒಂದೇ ಸ್ವರದ ಪುನರಾವರ್ತನೆ ಇರುತ್ತದೆ.

ಕರ್ನಾಟಕ ಸಂಗೀತ ಕಲಿತವರು ಇಲ್ಲಿ ಒಂದು ಕ್ಷಣ ನಿಲ್ಲಿ. ಮಾಯಾಮಾಳವಗೌಳದ ಮೊದಲ ಸರಳೆ ವರಸೆಯನ್ನು ಹಾಡಿಕೊಂಡು ನೋಡಿ: ಸ ರಿ ಗ ಮ ಪ ದ ನಿ ಸ, ಸ ನಿ ದ ಪ ಮ ಗ ರಿ ಸ. ಏರಿ ಇಳಿಯುವುದೇ ಅದರ ಆಕಾರ. ಜಂಟಿ ವರಸೆಯಲ್ಲಿ ಸಸ ರಿರಿ ಗಗ ಮಮ ಅಂತ ಪ್ರತಿ ಸ್ವರವೂ ಎರಡು ಸಲ. ಪಾಠ ಮುಗಿಸಿ ಮನೆಗೆ ಹೊರಟ ಮಕ್ಕಳ ತಲೆಯಲ್ಲಿ ಇವು ಸುತ್ತುವುದರಲ್ಲಿ ಆಶ್ಚರ್ಯ ಇಲ್ಲ. ಕೃತಿಗಳಲ್ಲೂ ಹಾಗೆಯೇ. ಅನುಪಲ್ಲವಿ ಆದ ಮೇಲೆ ಪಲ್ಲವಿ, ಚರಣ ಆದ ಮೇಲೆ ಮತ್ತೆ ಪಲ್ಲವಿ. ಚರಣ ಮರೆತರೂ ಪಲ್ಲವಿ ಉಳಿಯುವುದಕ್ಕೆ ಇದೇ ದೊಡ್ಡ ಕಾರಣ ಅನ್ನುವುದು ನನ್ನ ಅಭಿಪ್ರಾಯ. ಜಾಕುಬೊವ್‌ಸ್ಕಿ ನೋಡಿದ್ದು ಪಾಶ್ಚಾತ್ಯ ಪಾಪ್ ಹಾಡುಗಳನ್ನು ಮಾತ್ರ, ಹಾಗಾಗಿ ಉತ್ತರ ಬರೆಯುವಾಗ ವರಸೆಯ ಉದಾಹರಣೆಯನ್ನು ಅವರ ಹೆಸರಿಗೆ ಸೇರಿಸಬೇಡಿ.

ಯಾವಾಗ ಬರುತ್ತದೆ ಅನ್ನುವುದಕ್ಕೆ ಹೆಚ್ಚು ವಿವರ ಬೇಕಿಲ್ಲ. ಇತ್ತೀಚೆಗೆ ಕೇಳಿದ್ದು, ಪದೇ ಪದೇ ಕೇಳಿದ್ದು, ಒಂದು ಜಾಗ ಅಥವಾ ಪದ ನೆನಪಿಸಿದ್ದು. ಇರಾ ಹೈಮನ್ ತಂಡ 2013ರಲ್ಲಿ ಹೇಳಿದ್ದು ಮಾತ್ರ ನೆನಪಿಡಿ: ಕೆಲಸ ತೀರಾ ಸುಲಭವಾದಾಗಲೂ ಹಾಡು ನುಗ್ಗುತ್ತದೆ, ತೀರಾ ಕಷ್ಟವಾಗಿ ಮನಸ್ಸು ಕೈಬಿಟ್ಟಾಗಲೂ ನುಗ್ಗುತ್ತದೆ. ಪಾತ್ರೆ ತೊಳೆಯುವಾಗ ಬರುವ ಹಾಡು ಅರ್ಥವಾಗದ ಲೆಕ್ಕದ ಮುಂದೆ ಕೂತಾಗಲೂ ಬರುವುದು ಇದಕ್ಕೇ.

ಪರೀಕ್ಷೆ ಸಮಯದಲ್ಲಿ ಹಾಡು ಕೇಳುತ್ತಾ ಮಲಗುವವರು ಮೈಕಲ್ ಸ್ಕಲಿನ್ ತಂಡದ 2021ರ ಪ್ರಯೋಗವನ್ನು ಓದಲೇಬೇಕು. ಸಾಹಿತ್ಯ ಇಲ್ಲದ ವಾದ್ಯ ಸಂಗೀತವಾದರೆ ನಿದ್ರೆಗೆ ತೊಂದರೆ ಇಲ್ಲ ಅಂತ ನಾವು ಅಂದುಕೊಳ್ಳುತ್ತೇವೆ. ಅವರಿಗೆ ಕಂಡದ್ದು ಉಲ್ಟಾ. ಜನಪ್ರಿಯ ಹಾಡುಗಳ ವಾದ್ಯ ರೂಪ ಕೇಳಿದವರಿಗೇ ಇಯರ್‌ವರ್ಮ್ ಜಾಸ್ತಿ, ನಿದ್ರೆಯೂ ಕೆಟ್ಟಿತು.

ಹಾಗಂತ ತಲೆಯಲ್ಲಿ ಸುತ್ತುವ ಹಾಡು ಬರೀ ಕಾಟವಲ್ಲ. ಬೆಂಜಮಿನ್ ಕುಬಿಟ್ ಮತ್ತು ಪೀಟರ್ ಜನಾಟ ಜನರಿಗೆ ಹೊಸ ರಾಗಗಳನ್ನು ಕೇಳಿಸಿ, ನಂತರ ಅವನ್ನೇ ಸಿನಿಮಾ ತುಣುಕುಗಳಿಗೆ ಹಿನ್ನೆಲೆಯಾಗಿ ಜೋಡಿಸಿದರು. ಯಾವ ರಾಗ ತಲೆಯಲ್ಲಿ ಹೆಚ್ಚು ಸುತ್ತಿತೋ ಅದರ ಜೊತೆಗಿದ್ದ ದೃಶ್ಯದ ವಿವರಗಳೂ ಚೆನ್ನಾಗಿ ನೆನಪಿದ್ದವು. ಇದನ್ನು ನೆಪ ಮಾಡಿಕೊಂಡು ಇಯರ್‌ಫೋನ್ ಹಾಕಿಕೊಂಡು ಓದಲು ಕೂರಬೇಡಿ. ಇಲ್ಲಿ ನೆರವಾದದ್ದು ಆಮೇಲೆ ತಾನಾಗಿ ಸುತ್ತಿದ ರಾಗ. ಓದುವಾಗಲೇ ಕಿವಿಗೆ ಬೀಳುವ ಸಾಹಿತ್ಯವಾದರೋ, ಪುಟದ ಮೇಲಿನ ಪದಗಳಿಗೆ ಬೇಕಾದ ಲೂಪ್‌ಗೇ ನುಗ್ಗುತ್ತದೆ.